ಎಪ್ಪತ್ತು ದಾಟಿದವರಿಗೆ ಉಗ್ರ ಸ್ತನ ಕ್ಯಾನ್ಸರ್: ಕೀಮೋ "ಲೈಟಾಗಿ" ಕೊಡಿ ಅನ್ನುವ ಮುಂಚೆ

ಎಪ್ಪತ್ತೈದು ವರ್ಷದ ಅಮ್ಮನನ್ನು ಕರೆದುಕೊಂಡು ಬರುವ ಮಕ್ಕಳು ಹೆಚ್ಚಾಗಿ ಎರಡು ಮಾತು ಹೇಳುತ್ತಾರೆ. ಒಂದು, "ಅಮ್ಮನಿಗೆ ಏನೂ ಹೇಳ್ಬೇಡಿ ಡಾಕ್ಟ್ರೇ." ಇನ್ನೊಂದು, "ವಯಸ್ಸಾಗಿದೆ, ಕೀಮೋ ಕೊಡ್ಲೇಬೇಕು ಅಂದ್ರೆ ಸ್ವಲ್ಪ ಲೈಟಾಗಿ ಕೊಡಿ." ಮೊದಲನೆಯದಕ್ಕೆ ಆಮೇಲೆ ಬರೋಣ. ಎರಡನೆಯದು ಕೇಳಲು ಕರುಣೆಯ ಮಾತೇ. ಆದರೆ ಉಗ್ರ ಜಾತಿಯ ಸ್ತನ ಕ್ಯಾನ್ಸರಿನಲ್ಲಿ, ವಾಸಿಯಾಗುವ ಹಂತದಲ್ಲಿರುವಾಗ, ಅಂದಾಜಿನ ಮೇಲೆ ಇಳಿಸಿ ಕೊಟ್ಟ ಕೀಮೋದಷ್ಟು ನಷ್ಟದ ವ್ಯಾಪಾರ ಇನ್ನೊಂದಿಲ್ಲ. ಕೂದಲು ಉದುರುತ್ತದೆ, ನಾಲಿಗೆ ರುಚಿ ಕೆಡುತ್ತದೆ, ರಕ್ತಕಣ ಇಳಿಯುತ್ತದೆ, ದುಡ್ಡೂ ಹೋಗುತ್ತದೆ. ಗಡ್ಡೆಗೆ ಮಾತ್ರ ತಟ್ಟಬೇಕಾದಷ್ಟು ತಟ್ಟುವುದಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಅಮೆರಿಕದಲ್ಲಿ 65 ದಾಟಿದ 633 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ. ಅರ್ಧ ಜನಕ್ಕೆ ಮಾಮೂಲಿ ಕೀಮೋ, ಉಳಿದರ್ಧಕ್ಕೆ ಮನೆಯಲ್ಲೇ ನುಂಗುವ ಕ್ಯಾಪೆಸಿಟಬಿನ್ ಮಾತ್ರೆ. ವಯಸ್ಸಾದವರಿಗೆ ಮಾತ್ರೆಯೇ ಸಾಕಲ್ಲವೇ ಎಂಬುದು ಪ್ರಶ್ನೆ. ಮೂರು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇದ್ದವರು ಮಾಮೂಲಿ ಕೀಮೋದಲ್ಲಿ ಶೇ. 85, ಮಾತ್ರೆಯಲ್ಲಿ ಶೇ. 68. ಹಾರ್ಮೋನ್ ರಿಸೆಪ್ಟರ್ (ಹಾರ್ಮೋನನ್ನು ಹಿಡಿಯುವ ಕೊಂಡಿ) ಇಲ್ಲದ ಗಡ್ಡೆಗಳಲ್ಲೇ ಈ ಅಂತರ ಹೆಚ್ಚು.

ಹಾಗಂತ ಎಲ್ಲರಿಗೂ ಎಲ್ಲವನ್ನೂ ಸುರಿಯಬೇಕು ಅಂತಲ್ಲ. ಕೆಲವು ಔಷಧಗಳನ್ನು ಧೈರ್ಯವಾಗಿ ಬಿಡಬಹುದು, ಕೆಲವನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ. ಯಾವುದು ಯಾವುದು ಎಂದು ಹೇಳಲು ಎರಡು ಲೆಕ್ಕ ಬೇಕು: ಗಡ್ಡೆಯ ಲೆಕ್ಕ, ಮೈಯ ಲೆಕ್ಕ.

ಗಡ್ಡೆಯ ಲೆಕ್ಕ ಬಯಾಪ್ಸಿಯಿಂದ ಶುರು. ಸಣ್ಣ ಸೂಜಿ ಚುಚ್ಚಿ ಮಾಡುವ ಎಫ್‌ಎನ್‌ಎಸಿ ಇಲ್ಲಿ ಸಾಲದು. ಅದು ಕ್ಯಾನ್ಸರ್ ಹೌದೋ ಅಲ್ಲವೋ ಹೇಳಬಹುದು, ಜಾತಿಯನ್ನು ಭರವಸೆಯಿಂದ ಹೇಳಲಾರದು. 14 ಗೇಜಿನ ದಪ್ಪ ಸೂಜಿಯ ಕೋರ್ ಬಯಾಪ್ಸಿ ಆಗಬೇಕು. ಆ ತುಂಡಿನ ಮೇಲೆ ಇಆರ್, ಪಿಆರ್ ಎಂಬ ಎರಡು ಹಾರ್ಮೋನ್ ರಿಸೆಪ್ಟರ್, ಗಡ್ಡೆಯನ್ನು ಬೆಳೆಸುವ ಹರ್-2 ಪ್ರೋಟೀನ್, ಮೂರನ್ನೂ ನೋಡುತ್ತಾರೆ. ಮೂರೂ ಇಲ್ಲದಿದ್ದರೆ ಟ್ರಿಪಲ್ ನೆಗೆಟಿವ್. ಅದೂ, ಹರ್-2 ಪಾಸಿಟಿವ್ ಆದದ್ದೂ ನಾವಿಲ್ಲಿ ಹೇಳುವ ಉಗ್ರ ಜಾತಿಗಳು. ಹರ್-2 ಮೂರು ಪ್ಲಸ್ ಬಂದರೆ ಪಾಸಿಟಿವ್, ಸೊನ್ನೆ ಅಥವಾ ಒಂದು ಪ್ಲಸ್ ಬಂದರೆ ಅಲ್ಲ, ಎರಡು ಪ್ಲಸ್ ಬಂದರೆ ಹರ್-2 ಜೀನನ್ನೇ ಎಣಿಸಿ ನೋಡುವ ಫಿಶ್ ಪರೀಕ್ಷೆ ಆಗುವ ತನಕ ಯಾರೂ ಏನೂ ಹೇಳುವಂತಿಲ್ಲ. ಫಿಶ್‌ಗೆ ದುಡ್ಡು ಹೆಚ್ಚು ಅಂತ ಎರಡು ಪ್ಲಸ್ಸನ್ನೇ ನೆಗೆಟಿವ್ ಎಂದುಕೊಂಡು ಮುಂದೆ ಹೋಗುವುದುಂಟು. ಒಂದು ಪರೀಕ್ಷೆಯ ಖರ್ಚು ಉಳಿಸಲು ಹೋಗಿ ಇಡೀ ಚಿಕಿತ್ಸೆಯ ದಿಕ್ಕು ತಪ್ಪಿಸಿಕೊಂಡಂತೆ.

ಇನ್ನೊಂದು ಎಡವಟ್ಟು ಇದಕ್ಕಿಂತ ಸಾಮಾನ್ಯ. ಊರಿನ ನರ್ಸಿಂಗ್ ಹೋಮಿನಲ್ಲಿ "ಗಂಟು ತೆಗೆದುಬಿಡೋಣ" ಅಂತ ತೆಗೆದು, ಆ ತುಂಡನ್ನು ಸಲೈನಿನ ಡಬ್ಬಿಯಲ್ಲಿಟ್ಟು, ಮಾರನೆಯ ದಿನ ಬಸ್ಸಿನಲ್ಲಿ ಲ್ಯಾಬಿಗೆ ಕಳಿಸುತ್ತಾರೆ. ತುಂಡು ಮೈಯಿಂದ ಬಂದ ಒಂದು ಗಂಟೆಯೊಳಗೆ ಶೇ. 10ರ ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಬೇಕು, ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ತಡವಾದರೆ ರಿಸೆಪ್ಟರ್ ಪ್ರೋಟೀನ್ ಹಾಳಾಗುತ್ತದೆ. ಇದ್ದ ರಿಸೆಪ್ಟರ್ ಇಲ್ಲ ಎಂದು ಬರುತ್ತದೆ. ಎಪ್ಪತ್ತು ದಾಟಿದವರಲ್ಲಿ ಹೆಚ್ಚಿನ ಗಡ್ಡೆಗಳು ಇಆರ್ ಪಾಸಿಟಿವ್ ಆಗಿಯೇ ಇರುತ್ತವೆ. ಆದ್ದರಿಂದ ಇಂಥ ತುಂಡಿನ ಮೇಲೆ "ಟ್ರಿಪಲ್ ನೆಗೆಟಿವ್" ಎಂದು ಬಂದರೆ ಲ್ಯಾಬಿನವರು ತುಂಡನ್ನು ಕೂರಿಸಿಟ್ಟ ಮೇಣದ ಬ್ಲಾಕನ್ನು ಕೇಳಿ ಪಡೆದು ಇನ್ನೊಂದು ಕಡೆ ಮತ್ತೆ ನೋಡಿಸಿ. ಬ್ಲಾಕ್ ಕೇಳುವುದಕ್ಕೆ ಸಂಕೋಚ ಬೇಡ.

ಟ್ರಿಪಲ್ ನೆಗೆಟಿವ್ ಎಂದು ಖಾತ್ರಿಯಾದ ಮೇಲೂ ರಿಪೋರ್ಟಿನಲ್ಲಿ ಗಡ್ಡೆಯ ಹೆಸರು ಓದಿ. ಅಡಿನಾಯ್ಡ್ ಸಿಸ್ಟಿಕ್, ಸೆಕ್ರೀಟರಿ ಎಂದಿದ್ದರೆ ಅದು ಲೇಬಲ್ಲಿಗೆ ಮಾತ್ರ ಟ್ರಿಪಲ್ ನೆಗೆಟಿವ್, ಸ್ವಭಾವದಲ್ಲಿ ಸಾಮಾನ್ಯವಾಗಿ ಸಾಧು. ಅಪೋಕ್ರೈನ್ ಜಾತಿ ವಯಸ್ಸಾದವರಲ್ಲಿ ಹೆಚ್ಚು ಕಾಣುತ್ತದೆ, ಅದೂ ಎಷ್ಟೋ ಸಲ ನಿಧಾನದ್ದೇ. ಅರ್ಧ ಸೆಂಟಿಮೀಟರ್ ಒಳಗಿನ, ಕಂಕುಳ ಗ್ರಂಥಿಗೆ ಹೋಗದ ಗಡ್ಡೆಗೆ ಕೀಮೋ ಇಲ್ಲದೆ ಆಪರೇಷನ್ ಸಾಕು. ಗ್ರೇಡ್ 3 (ಬೇಗ ಬೆಳೆಯುವ ರೂಪದ್ದು), ಎರಡು ಸೆಂಟಿಮೀಟರ್ ದಾಟಿದ್ದು, ಕಂಕುಳಿಗೆ ಹಬ್ಬಿದ್ದು: ನಾವು ಮಾತಾಡುತ್ತಿರುವುದು ಇಂಥವುಗಳ ಬಗ್ಗೆ.

ಇನ್ನು ಮೈಯ ಲೆಕ್ಕ. ಹೆಚ್ಚು ತಪ್ಪಾಗುವುದು ಇಲ್ಲೇ, ಅದರಲ್ಲೂ ಕಿಡ್ನಿಯಲ್ಲಿ. ಒಬ್ಬರು 74 ವರ್ಷದವರು, ತೂಕ 48 ಕೆ.ಜಿ., ಕ್ರಿಯಾಟಿನಿನ್ (ಮಾಂಸಖಂಡದಲ್ಲಿ ಹುಟ್ಟಿ ಕಿಡ್ನಿ ಹೊರಹಾಕುವ ಕಸ) 1.0 ಎಂದಿಟ್ಟುಕೊಳ್ಳಿ. ಲ್ಯಾಬ್ ರಿಪೋರ್ಟಿನಲ್ಲಿ ಅದರ ಪಕ್ಕ ನಾರ್ಮಲ್ ಎಂದೇ ಇರುತ್ತದೆ. ಈಗ ಲೆಕ್ಕ ಹಾಕಿ: 140ರಿಂದ ವಯಸ್ಸು ಕಳೆದರೆ 66. ಅದನ್ನು ತೂಕದಿಂದ ಗುಣಿಸಿದರೆ 3168. ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿ ಬಂದ ಸಂಖ್ಯೆಯಿಂದ, ಅಂದರೆ ಇಲ್ಲಿ 72ರಿಂದಲೇ, ಭಾಗಿಸಿದರೆ 44. ಹೆಂಗಸರಾದ್ದರಿಂದ 0.85ರಿಂದ ಗುಣಿಸಿ: 37. ಅಂದರೆ ಕಿಡ್ನಿ ನಿಮಿಷಕ್ಕೆ 37 ಮಿ.ಲೀ. ಮಾತ್ರ ಶುದ್ಧ ಮಾಡುತ್ತಿದೆ, ಆರೋಗ್ಯವಂತ ಯುವತಿಯ ಅರ್ಧಕ್ಕಿಂತ ಕಡಿಮೆ. ಮಾಂಸಖಂಡ ಕರಗಿದವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಮ್ಮಿ, ಅದಕ್ಕೇ ಸಂಖ್ಯೆ ಚೆನ್ನಾಗಿ ಕಾಣುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ಕಾರ್ಬೋಪ್ಲಾಟಿನ್ ಎಂಬ ಕೀಮೋ ಔಷಧದ ಡೋಸನ್ನು ಕಿಡ್ನಿಯ ಸಂಖ್ಯೆಗೆ 25 ಕೂಡಿಸಿ, ಎಯುಸಿ ಗುರಿಯಿಂದ (ಮೈಗೆ ಒಟ್ಟು ಎಷ್ಟು ಔಷಧ ತಟ್ಟಬೇಕು ಎಂಬ ಅಳತೆ) ಗುಣಿಸಿ ಕಂಡುಹಿಡಿಯುತ್ತಾರೆ. ಗುರಿ 5 ಆದರೆ ಈ ಅಮ್ಮನಿಗೆ 310 ಮಿ.ಗ್ರಾಂ. ಕಿಡ್ನಿ 90 ಇದೆ ಎಂದು ಭಾವಿಸಿ ಹಾಕಿದರೆ 575. ಪ್ಲೇಟ್‌ಲೆಟ್ ನೆಲಕಚ್ಚಿದಾಗ "ವಯಸ್ಸಿಗೆ ಕೀಮೋ ತಡೆಯಲಿಲ್ಲ" ಅನ್ನುತ್ತಾರೆ. ಆಗಿದ್ದು ಗುಣಾಕಾರದ ತಪ್ಪು. 310 ಎಂಬುದು "ಲೈಟ್" ಡೋಸಲ್ಲ, ಈ ಮೈಗೆ ಅದೇ ಪೂರ್ತಿ ಡೋಸು. ಕ್ಯಾಪೆಸಿಟಬಿನ್ನನ್ನೂ ಕಿಡ್ನಿಯ ಸಂಖ್ಯೆ 30ರಿಂದ 50ರ ನಡುವೆ ಇದ್ದರೆ ಕಾಲು ಭಾಗ ಇಳಿಸಬೇಕು, 30ಕ್ಕಿಂತ ಕೆಳಗೆ ಕೊಡಬಾರದು. ಹೀಗೆ ಅಳೆದು ಇಳಿಸುವುದಕ್ಕೂ, "ಪಾಪ, ವಯಸ್ಸಾಗಿದೆ" ಎಂದು ಇಳಿಸುವುದಕ್ಕೂ ಅಜಗಜಾಂತರ.

ಹೃದಯಕ್ಕೆ ಎಕೋ. ಪಂಪ್ ಮಾಡುವ ಪ್ರಮಾಣ ಶೇ. 50ರ ಕೆಳಗಿದ್ದರೆ ಕೆಂಪು ಬಣ್ಣದ ಡಾಕ್ಸೋರೂಬಿಸಿನ್ ಬೇಡ. ಆ ಪ್ರಮಾಣ ಶೇ. 55ರ ಆಸುಪಾಸಿನಲ್ಲಿದ್ದು, ಇಪ್ಪತ್ತು ವರ್ಷದ ಬಿ.ಪಿ. ಇದ್ದರೂ ನಾವು ಬೇರೆ ದಾರಿ ಹುಡುಕುತ್ತೇವೆ. ಈ ಔಷಧ ಹೃದಯಕ್ಕೆ ಮಾಡಿದ ಗಾಯ ಬಹುಮಟ್ಟಿಗೆ ಉಳಿದುಬಿಡುತ್ತದೆ.

ಮಿಕ್ಕಿದ್ದನ್ನು ಅಳೆಯಲು ಯಂತ್ರ ಬೇಕಿಲ್ಲ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲಿ. 12 ಸೆಕೆಂಡ್ ದಾಟಿದರೆ ಬೀಳುವ ಅಪಾಯ ಇದೆ. ಮೂರು ಪದ ಹೇಳಿ, ಗಡಿಯಾರ ಬರೆಸಿ, ಪದಗಳನ್ನು ಮತ್ತೆ ಕೇಳಿದರೆ ನೆನಪಿನ ಸ್ಥಿತಿ ತಿಳಿಯುತ್ತದೆ. ಮಾತ್ರೆಯನ್ನು ತಾವೇ ತೆಗೆದುಕೊಳ್ಳಬಲ್ಲರೋ ಇಲ್ಲವೋ ಎಂಬುದಕ್ಕೆ ಇದು ಬೇಕು. ಎಂಟು ಪ್ರಶ್ನೆಗಳ ಜಿ8 ಪಟ್ಟಿಯಲ್ಲಿ 17ಕ್ಕೆ 14 ಅಥವಾ ಕಡಿಮೆ ಬಂದರೆ ವಿವರವಾಗಿ ನೋಡಬೇಕು. ಸ್ತನ ಕ್ಯಾನ್ಸರಿಗೆಂದೇ ಮಾಡಿದ, 2021ರಲ್ಲಿ ಪ್ರಕಟವಾದ ಇನ್ನೊಂದು ಸ್ಕೋರಿದೆ. ಅದರಲ್ಲಿ ಡಾಕ್ಸೋರೂಬಿಸಿನ್ ಜಾತಿಯ ಔಷಧ, ರೋಗದ ಹಂತ, ಮೂರು ತಿಂಗಳಿಗಿಂತ ಉದ್ದದ ಚಿಕಿತ್ಸೆ, ಲಿವರ್, ಹಿಮೋಗ್ಲೋಬಿನ್ ಇವೆಲ್ಲ ಇವೆ. ಜೊತೆಗೆ ಆರು ತಿಂಗಳಲ್ಲಿ ಬಿದ್ದಿದ್ದಾರಾ, ಒಂದು ಮೈಲಿ ನಡೆಯಬಲ್ಲರಾ, ಕಷ್ಟಕ್ಕೆ ಸಲಹೆ ಕೊಡುವವರು ಯಾರಾದರೂ ಇದ್ದಾರಾ ಎಂಬ ಪ್ರಶ್ನೆಗಳೂ ಇವೆ. ಈ ಎರಡನೇ ಸ್ಕೋರಿನ ಎಂಟು ಅಂಶಗಳಲ್ಲಿ ವಯಸ್ಸು ಇಲ್ಲವೇ ಇಲ್ಲ.

ಈಗ ಔಷಧಕ್ಕೆ ಬರೋಣ. ಹರ್-2 ಪಾಸಿಟಿವ್ ಆದವರು ಒಂದು ರೀತಿಯಲ್ಲಿ ಅದೃಷ್ಟವಂತರು, ಏಕೆಂದರೆ ಅಲ್ಲಿ ಬಿಡಬಹುದಾದದ್ದು ಹೆಚ್ಚು. ಕೆಲಸದ ಬಹುಭಾಗ ಮಾಡುವುದು ಹರ್-2ನ್ನೇ ಗುರಿಯಿಟ್ಟು ತಡೆಯುವ ಟ್ರಾಸ್ಟುಜುಮಾಬ್ ಇಂಜೆಕ್ಷನ್. ಗಡ್ಡೆ ಮೂರು ಸೆಂಟಿಮೀಟರ್ ಒಳಗಿದ್ದು ಗ್ರಂಥಿಗೆ ಹೋಗಿರದಿದ್ದರೆ, ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್, ಚದರ ಮೀಟರಿಗೆ 80 ಮಿ.ಗ್ರಾಂ., ಹನ್ನೆರಡು ವಾರ, ಜೊತೆಗೆ ಟ್ರಾಸ್ಟುಜುಮಾಬ್ ಒಂದು ವರ್ಷ. ಡಾಕ್ಸೋರೂಬಿಸಿನ್ ಬೇಕಿಲ್ಲ. 406 ಮಂದಿಯ ಅಧ್ಯಯನದಲ್ಲಿ ಮೂರು ವರ್ಷಕ್ಕೆ ಶೇ. 98.7 ಮಂದಿ ರೋಗ ಮರುಕಳಿಸದೆ ಇದ್ದರು. ಅಷ್ಟು ಕೀಮೋ ಕೂಡ ತಡೆಯಲಾರರು ಎಂದಾದರೆ? ಜಪಾನಿನಲ್ಲಿ 70ರಿಂದ 80 ವಯಸ್ಸಿನ 275 ಮಹಿಳೆಯರಲ್ಲಿ ಟ್ರಾಸ್ಟುಜುಮಾಬ್ ಒಂದನ್ನೇ ಕೊಟ್ಟು, ಕೀಮೋ ಜೊತೆಗೆ ಕೊಟ್ಟದ್ದರೊಡನೆ ಹೋಲಿಸಿದರು. ಮೂರು ವರ್ಷಕ್ಕೆ ರೋಗವಿಲ್ಲದವರು ಶೇ. 89.5, ಕೀಮೋ ಸೇರಿದಾಗ ಶೇ. 93.8. ಬದುಕಿದ್ದವರ ಪ್ರಮಾಣ ಎರಡರಲ್ಲೂ ಶೇ. 97ರ ಹತ್ತಿರ. ಬಹುಪಾಲು ಆರಂಭಿಕ ಹಂತದವರು ಎಂಬುದು ನೆನಪಿರಲಿ. ಆದರೂ ಇದು ಲೆಕ್ಕ ಗೊತ್ತಿರುವ ತ್ಯಾಗ. ಬೇಕಾದವರು ತಿಳಿದು ಮಾಡಬಹುದು.

ಟ್ರಾಸ್ಟುಜುಮಾಬ್ ಡೋಸು ಮೊದಲ ಸಲ ಕೆ.ಜಿ.ಗೆ 8 ಮಿ.ಗ್ರಾಂ., ಆಮೇಲೆ ಮೂರು ವಾರಕ್ಕೊಮ್ಮೆ 6. ನಮ್ಮ 48 ಕೆ.ಜಿ. ಅಮ್ಮನಿಗೆ ಮೊದಲು 384, ನಂತರ 288. 440 ಮಿ.ಗ್ರಾಂ ವಯಲ್ ತಂದರೆ ಪ್ರತಿ ಸಲ 152 ಉಳಿಯುತ್ತದೆ. ಜೊತೆಗೆ ಬರುವ ಬ್ಯಾಕ್ಟೀರಿಯೋಸ್ಟಾಟಿಕ್ ನೀರಿನಲ್ಲೇ ಕದಡಿದ್ದರೆ 2ರಿಂದ 8 ಡಿಗ್ರಿಯಲ್ಲಿ 28 ದಿನ ಇಡಬಹುದು, ಮುಂದಿನ ಡೋಸು 21ನೇ ದಿನ. ಆದರೆ ಆಸ್ಪತ್ರೆಯ ಫ್ರಿಜ್ಜಿನಲ್ಲಿ, ಹೆಸರು ತಾರೀಖು ಬರೆದು. ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಅಲ್ಲ. ಅದಕ್ಕಿಂತ 150ರ ಎರಡು ವಯಲ್ ಲೇಸು, 12 ಮಿ.ಗ್ರಾಂ. ಮಾತ್ರ ವ್ಯರ್ಥ. ಈ ಔಷಧದ ಬಯೋಸಿಮಿಲರ್ (ಮೂಲ ಔಷಧಕ್ಕೆ ಸಮನಾಗಿ ಬೇರೆ ಕಂಪನಿ ತಯಾರಿಸಿದ್ದು) ಅನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದದ್ದು ಬೆಂಗಳೂರಿನ ಬಯೋಕಾನ್. ಬಯೋಸಿಮಿಲರ್ ಅಂದರೆ ಎರಡನೇ ದರ್ಜೆಯ ಮಾಲು ಎಂಬ ಅನುಮಾನ ಬೇಡ.

ಟ್ರಾಸ್ಟುಜುಮಾಬ್ ಕೂಡ ಹೃದಯವನ್ನು ದುರ್ಬಲಗೊಳಿಸಬಹುದು, ಆದರೆ ನಿಲ್ಲಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಎಕೋ, ಸಾಧ್ಯವಾದರೆ ಒಂದೇ ಕಡೆ, ಒಬ್ಬರೇ ನೋಡಿದ್ದು. ಲ್ಯಾಬ್ ಬದಲಾದರೆ ಅಂಕಿ ಐದಾರು ಅತ್ತಿತ್ತ ಆಗುತ್ತದೆ, ಸುಮ್ಮನೆ ಗಾಬರಿ. ನಿಜವಾಗಿ ಇಳಿದು ನಿಲ್ಲಿಸಬೇಕಾಗಿ ಬಂದರೆ ಎಲ್ಲ ಮುಳುಗಿತು ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ಅಧ್ಯಯನದಲ್ಲಿ, ನಾಲ್ಕು ವರ್ಷಕ್ಕೆ ರೋಗವಿಲ್ಲದವರು ಆರು ತಿಂಗಳ ಚಿಕಿತ್ಸೆಯಲ್ಲಿ ಶೇ. 89.4, ಹನ್ನೆರಡು ತಿಂಗಳಲ್ಲಿ ಶೇ. 89.8. ಹೃದಯದ ಕಾರಣಕ್ಕೆ ಮಧ್ಯದಲ್ಲೇ ನಿಲ್ಲಿಸಿದವರು ಶೇ. 3, ಮತ್ತೆ ಶೇ. 8. ಎಪ್ಪತ್ತೆಂಟರ ದುರ್ಬಲ ಹೃದಯಕ್ಕೆ ಆರು ತಿಂಗಳು ಸಮರ್ಥನೀಯ.

ಟ್ರಿಪಲ್ ನೆಗೆಟಿವ್‌ನಲ್ಲಿ ಈ ಸೌಕರ್ಯ ಇಲ್ಲ. ಅಲ್ಲಿ ಕೀಮೋವೇ ಬೆನ್ನೆಲುಬು. ಗಟ್ಟಿಮುಟ್ಟಾದವರಿಗೆ ಹೃದಯ ಉಳಿಸುವ ದಾರಿ ಚದರ ಮೀಟರಿಗೆ ಡೋಸಿಟ್ಯಾಕ್ಸೆಲ್ 75 ಮಿ.ಗ್ರಾಂ., ಸೈಕ್ಲೋಫಾಸ್ಫಮೈಡ್ 600 ಮಿ.ಗ್ರಾಂ., ಮೂರು ವಾರಕ್ಕೊಮ್ಮೆ ನಾಲ್ಕು ಸಲ. 65 ದಾಟಿದವರಿಗೆ ಇದನ್ನು ಕೊಡುವಾಗ ಬಿಳಿಕಣ ಏರಿಸುವ ಪೆಗ್‌ಫಿಲ್‌ಗ್ರಾಸ್ಟಿಮ್ 6 ಮಿ.ಗ್ರಾಂ. ಇಂಜೆಕ್ಷನ್ ಮೊದಲ ಸೈಕಲ್‌ನಿಂದಲೇ, ಕೀಮೋ ಮುಗಿದ 24 ಗಂಟೆಯ ನಂತರ. "ಮೊದಲು ನೋಡೋಣ, ಕಣ ಇಳಿದರೆ ಕೊಡೋಣ" ಅನ್ನುವುದು ಯುವಕರಿಗೆ ಸರಿಹೋದೀತು. ಊರು ದೂರ ಅಂತ ಕೀಮೋ ದಿನವೇ ಚುಚ್ಚಿಸಿಕೊಂಡು ಹೋದರೆ ಹೊಸದಾಗಿ ಹುಟ್ಟುವ ಕಣಗಳು ಕೀಮೋಗೇ ಸಿಕ್ಕಿ ಸಾಯುತ್ತವೆ. ಐಸ್ ಪ್ಯಾಕಿನಲ್ಲಿ ಇಂಜೆಕ್ಷನ್ ಕೊಂಡೊಯ್ದು ಮರುದಿನ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಾಕಿಸಿ. ಸ್ವಲ್ಪ ನಿತ್ರಾಣ ಇರುವವರಿಗೆ ವಾರದ ಪ್ಯಾಕ್ಲಿಟ್ಯಾಕ್ಸೆಲ್ ಚೆನ್ನ: ಪ್ರತಿ ವಾರ ಮುಖ ನೋಡಿ, ತಡೆಯದಿದ್ದರೆ ಆ ವಾರ ಬಿಡಬಹುದು.

ದೊಡ್ಡ ಗಡ್ಡೆಯಾದರೆ ಮೊದಲು ಕೀಮೋ, ಆಮೇಲೆ ಆಪರೇಷನ್. ಶುರುಮಾಡುವ ಮುಂಚೆ ಗಡ್ಡೆಯೊಳಗೆ ಲೋಹದ ಕ್ಲಿಪ್ ಇಡಿಸಿ. ಗಡ್ಡೆ ಪೂರ್ತಿ ಕರಗಿದರೆ ಸರ್ಜನ್ನರಿಗೆ ಜಾಗ ಗೊತ್ತಾಗುವುದು ಅದರಿಂದಲೇ. ಈಗ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೋಥೆರಪಿಯನ್ನೂ ಸೇರಿಸುತ್ತಾರೆ. ಫಲಿತಾಂಶ ಚೆನ್ನಾಗಿದೆ, ಆದರೆ ಅದನ್ನು ತೋರಿಸಿದ ಅಧ್ಯಯನದಲ್ಲಿ 65 ದಾಟಿದವರು ಕಡಿಮೆ, ಬೆಲೆಯೂ ವಿಪರೀತ. ಕೊಡುವುದಾದರೆ ಒಂದು ಎಚ್ಚರ: ಅದು ಥೈರಾಯ್ಡ್, ಅಡ್ರಿನಲ್ ಗ್ರಂಥಿಗಳನ್ನು ಕೆಡಿಸಬಹುದು. ಅಜ್ಜಿ ಮೂಲೆ ಹಿಡಿದು ಮಲಗಿದರೆ ಮನೆಯವರು "ವಯಸ್ಸಾಯ್ತಲ್ಲ" ಅನ್ನುತ್ತಾರೆ. ಟಿಎಸ್‌ಎಚ್, ಬೆಳಗಿನ ಕಾರ್ಟಿಸೋಲ್, ಸೋಡಿಯಂ ನೋಡದೆ ಹಾಗನ್ನಬಾರದು.

ಆಪರೇಷನ್ ಆದ ಮೇಲೆ ತುಂಡಿನಲ್ಲಿ ಇನ್ನೂ ರೋಗ ಉಳಿದಿದ್ದರೆ, ಟ್ರಿಪಲ್ ನೆಗೆಟಿವ್‌ನವರಿಗೆ ಕ್ಯಾಪೆಸಿಟಬಿನ್ ಲಾಭ ಕೊಡುತ್ತದೆ. ಮೇಲೆ ಸೋತ ಅದೇ ಮಾತ್ರೆ! ಕೀಮೋದ ಬದಲಿಗೆ ಸೋತಿತು, ಕೀಮೋದ ಮೇಲೆ ಗೆದ್ದಿತು. ಹರ್-2ನವರಿಗೆ ಆ ಸ್ಥಿತಿಯಲ್ಲಿ ಟಿ-ಡಿಎಂ1 (ಟ್ರಾಸ್ಟುಜುಮಾಬ್‌ಗೆ ಕೀಮೋ ಅಂಟಿಸಿದ ಔಷಧ) 14 ಸಲ ಕೊಟ್ಟರೆ ಟ್ರಾಸ್ಟುಜುಮಾಬ್ ಒಂದನ್ನೇ ಮುಂದುವರಿಸುವುದಕ್ಕಿಂತ ಮರುಕಳಿಸುವ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಅದರಲ್ಲಿ ಪ್ಲೇಟ್‌ಲೆಟ್ ಇಳಿಯುವುದರಿಂದ ಹೃದಯಕ್ಕೆಂದು ಆಸ್ಪಿರಿನ್ ನುಂಗುವವರು ಮೊದಲೇ ಹೇಳಬೇಕು.

ಸ್ತನದ ಆಪರೇಷನ್ನಿಗೆ ವಯಸ್ಸು ಅಷ್ಟು ಅಡ್ಡಿಯಲ್ಲ. ಹೊಟ್ಟೆ ಎದೆ ತೆರೆಯುವ ಕೆಲಸವಲ್ಲ, ಎರಡು ಮೂರು ದಿನದಲ್ಲಿ ಮನೆಗೆ ಹೋಗುವವರೇ ಹೆಚ್ಚು. "ಆಪರೇಷನ್ ಬೇಡ, ಹಾರ್ಮೋನ್ ತಡೆಯುವ ಲೆಟ್ರೋಜೋಲ್ ಮಾತ್ರೆ ಸಾಕು" ಎಂಬುದು ಇಆರ್ ಬಲವಾಗಿ ಇರುವವರ ಮಾತು. ಟ್ರಿಪಲ್ ನೆಗೆಟಿವ್‌ನಲ್ಲಿ ಲೆಟ್ರೋಜೋಲ್, ಟಮಾಕ್ಸಿಫೆನ್ ಯಾವುದೂ ಕೆಲಸ ಮಾಡವು. ರಿಪೋರ್ಟ್ ಬರುವ ಮುಂಚೆಯೇ ಟಮಾಕ್ಸಿಫೆನ್ ಬರೆದುಕೊಟ್ಟು ನಾಲ್ಕು ತಿಂಗಳು ಕಳೆಯುವುದು ಇಂದಿಗೂ ನಡೆಯುತ್ತದೆ. ರೇಡಿಯೇಷನ್ನಿನಲ್ಲೂ ಅಷ್ಟೇ: 70 ದಾಟಿದವರು ರೇಡಿಯೇಷನ್ ಬಿಡಬಹುದು ಎಂದು ಹೇಳಿದ ಅಧ್ಯಯನಗಳು ಹಾರ್ಮೋನ್ ಪಾಸಿಟಿವ್ ಸಣ್ಣ ಗಡ್ಡೆಗಳದ್ದು. ಉಗ್ರ ಜಾತಿಗೆ ಆ ರಿಯಾಯಿತಿ ಇಲ್ಲ. ಆದರೆ ಐದಾರು ವಾರ ಓಡಾಡಬೇಕಿಲ್ಲ; 15 ದಿನದಲ್ಲಿ 40 ಗ್ರೇ (ಗ್ರೇ ಎಂದರೆ ರೇಡಿಯೇಷನ್ನಿನ ಅಳತೆ), ಎಷ್ಟೋ ಮಂದಿಗೆ ಐದೇ ದಿನದಲ್ಲಿ 26 ಗ್ರೇ.

ಇಷ್ಟೆಲ್ಲ ಸರಿಯಾಗಿ ಲೆಕ್ಕ ಹಾಕಿದರೂ ಕೆಡುವುದು ಹೆಚ್ಚಾಗಿ ಮನೆಯಲ್ಲಿ, ಏಳರಿಂದ ಹದಿನಾಲ್ಕನೇ ದಿನದ ನಡುವೆ. ಬಿಳಿಕಣ ತಳ ಮುಟ್ಟುವ ದಿನಗಳು ಅವು. 100.4 ಡಿಗ್ರಿ ಜ್ವರ ಅಂದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ. ಮೊದಲ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಬೀಳಬೇಕು. ಥರ್ಮಾಮೀಟರ್ ಇಡದೆ ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮುಚ್ಚಿಹೋಗುತ್ತದೆ. ಪೆಗ್‌ಫಿಲ್‌ಗ್ರಾಸ್ಟಿಮ್ ಆದಮೇಲೆ ಮೂಳೆ ನೋವಿಗೆ ಪ್ಯಾರಾಸಿಟಮಾಲನ್ನೇ ನುಂಗುವುದರಿಂದ ಪ್ರತಿ ಮಾತ್ರೆಗೆ ಮುಂಚೆ ಜ್ವರ ನೋಡಿ ಬರೆದಿಡಿ. ವಯಸ್ಸಾದವರಿಗೆ ಸೋಂಕು ತಗುಲಿದರೂ ಜ್ವರ ಬಾರದೇ ಇರಬಹುದು. ಮಂಕಾಗಿ ಕೂತರೆ, ಮಾತು ತಪ್ಪಿದರೆ, ಒಂದು ಹೊತ್ತೂ ಊಟ ಬೇಡವೆಂದರೆ ಅದನ್ನೇ ಜ್ವರ ಎಂದುಕೊಳ್ಳಿ.

ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ಇನ್ನೊಂದು ಶತ್ರು. 37ರ ಕಿಡ್ನಿಗೆ ಅದು, ಬಿ.ಪಿ.ಯ ಮೂತ್ರದ ಮಾತ್ರೆ, ಜೊತೆಗೆ ಎರಡು ದಿನದ ಭೇದಿ ಸೇರಿದರೆ ಕೈಕೊಡಲು ಅಷ್ಟೇ ಸಾಕು. ವಾಂತಿ ಭೇದಿಯ ದಿನ ಬಿ.ಪಿ. ಮಾತ್ರೆ, ಮೆಟ್‌ಫಾರ್ಮಿನ್ ಮುಂದುವರಿಸಬೇಕೇ ಎಂದು ಫೋನ್ ಮಾಡಿ ಕೇಳಿ. ಸಕ್ಕರೆ ಕಾಯಿಲೆಯವರಿಗೆ ಕೀಮೋ ಜೊತೆಗಿನ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಮಧ್ಯಾಹ್ನ, ಸಂಜೆ ಸಕ್ಕರೆ ಏರಿಸುತ್ತದೆ. ಬೆಳಗಿನ ಖಾಲಿ ಹೊಟ್ಟೆಯದು ನೋಡಿ ಸರಿಯಿದೆ ಎಂದುಕೊಳ್ಳಬೇಡಿ. ನಾಲ್ಕನೇ ದಿನ ಸ್ಟೆರಾಯ್ಡ್ ನಿಂತು, ಊಟವೂ ಸೇರದೆ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರ ಹೊಟ್ಟೆಗೆ ಹೋದರೆ ಸಕ್ಕರೆ ಕುಸಿದು ಬೀಳುತ್ತಾರೆ. ವಾಂತಿಗೆ ಒಲಾಂಜಪಿನ್ ರಾತ್ರಿ 2.5 ಮಿ.ಗ್ರಾಂ. ಸಾಕು. ಮುಂಬೈನ ಟಾಟಾ ಮೆಮೋರಿಯಲ್‌ನ ಅಧ್ಯಯನದಲ್ಲಿ ಅದು 10 ಮಿ.ಗ್ರಾಂ.ನಷ್ಟೇ ಕೆಲಸ ಮಾಡಿತು, ಹಗಲಿನ ತೂಕಡಿಕೆ ಬಹಳ ಕಮ್ಮಿ.

ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ "ಜೋಮು ಇದೆಯಾ" ಎಂದು ಕೇಳಿದರೆ ಎಲ್ಲರೂ "ಏನಿಲ್ಲಪ್ಪಾ" ಅನ್ನುತ್ತಾರೆ. "ರವಿಕೆ ಹುಕ್ಕು ಹಾಕ್ಕೊಳ್ತೀರಾ? ಹೂ ಕಟ್ತೀರಾ? ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗುತ್ತಾ?" ಎಂದು ಕೇಳಿ. ಹುಕ್ಕು ಸೊಸೆ ಹಾಕುತ್ತಿದ್ದರೆ ಮುಂದಿನ ಡೋಸು ತಡೆಯುವ ಹೊತ್ತು. ಊಟದಲ್ಲಿ ದಿನಕ್ಕೆ 50ರಿಂದ 55 ಗ್ರಾಂ ಪ್ರೋಟೀನ್ ಗುರಿ. ಗಂಜಿ, ತಿಳಿಸಾರು, ಎಳನೀರಿನಲ್ಲಿ ಅದು ಬಾರದು. ಮೊಟ್ಟೆ ಒಂದಕ್ಕೆ 6 ಗ್ರಾಂ, ಒಂದು ಲೋಟ ಹಾಲಿಗೆ ಹೆಚ್ಚುಕಡಿಮೆ ಅಷ್ಟೇ, ಗಟ್ಟಿ ಬೇಳೆ ಒಂದು ಬಟ್ಟಲಿಗೂ ಅಷ್ಟೇ.

"ಅಮ್ಮನಿಗೆ ಹೇಳಬೇಡಿ" ಎಂಬುದಕ್ಕೆ ಈಗ ಉತ್ತರ ಸುಲಭ. ತನಗೇನಾಗಿದೆ ಎಂದು ತಿಳಿಯದವರು ಜೋಮನ್ನೂ ಹೇಳುವುದಿಲ್ಲ, ಚಳಿಯನ್ನೂ ಹೇಳುವುದಿಲ್ಲ. ಇನ್ನೊಂದು, ಬದುಕಿನ ಉದ್ದ ಮುಖ್ಯವೋ, ತನ್ನ ಕೆಲಸ ತಾನು ಮಾಡಿಕೊಳ್ಳುವುದು ಮುಖ್ಯವೋ ಎಂದು ಅವರನ್ನೇ ಕೇಳಬೇಕು. ಲಿವರ್, ಶ್ವಾಸಕೋಶಕ್ಕೆ ಹರಡಿ ವಾಸಿ ಎಂಬ ಮಾತೇ ಇಲ್ಲದಾಗ ನಿಯಮ ಬದಲಾಗುತ್ತದೆ. ಆಗ ಇಳಿಸಿ ಶುರುಮಾಡುವುದು ತಪ್ಪಲ್ಲ. ಅಮೆರಿಕದಲ್ಲಿ ಮುಂದುವರಿದ ಕ್ಯಾನ್ಸರಿನ, 70 ದಾಟಿದ 718 ಮಂದಿಯಲ್ಲಿ, ವೃದ್ಧಾಪ್ಯದ ಮೌಲ್ಯಮಾಪನ ಡಾಕ್ಟರ ಕೈಗೆ ಕೊಟ್ಟಾಗ ತೀವ್ರ ಅಡ್ಡಪರಿಣಾಮ ಶೇ. 71ರಿಂದ 51ಕ್ಕೆ ಇಳಿಯಿತು, ಆಯುಷ್ಯ ಕುಗ್ಗಲಿಲ್ಲ. ಹರಡಿದ ಹರ್-2 ರೋಗಕ್ಕೆ ಪರ್ಟುಜುಮಾಬ್, ಟ್ರಾಸ್ಟುಜುಮಾಬ್ ಜೊತೆ ದಿನಕ್ಕೊಂದು 50 ಮಿ.ಗ್ರಾಂ. ಸೈಕ್ಲೋಫಾಸ್ಫಮೈಡ್ ಮಾತ್ರೆ ಸೇರಿಸಿದಾಗ ರೋಗ ತಡೆದ ಕಾಲ 5.6ರಿಂದ 12.7 ತಿಂಗಳಿಗೆ ಏರಿದ್ದೂ ವಯಸ್ಸಾದವರಲ್ಲೇ.

ಏನೂ ಬೇಡವೆಂದು ಅವರೇ ಹೇಳಿದರೆ ಅದೂ ಒಂದು ನಿರ್ಧಾರ, ಆದರೆ ಮಾಡುವ ಕೆಲಸ ಮುಗಿದಿರುವುದಿಲ್ಲ. ಗಡ್ಡೆ ಒಡೆದು ರಕ್ತ ಒಸರಿದರೆ ಕೆಲವೇ ದಿನದ ರೇಡಿಯೇಷನ್ ಅದನ್ನು ನಿಲ್ಲಿಸಬಲ್ಲದು. ನೋವಿಗೆ ಮಾರ್ಫಿನ್ ಮಾತ್ರೆ, ಅದರ ಜೊತೆ ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧ. ಬೆಂಗಳೂರಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರದಲ್ಲಿ ಇಂಥವರ ಆರೈಕೆ ಉಚಿತ. ಮನೆಯಲ್ಲೇ ಇದ್ದು ಹುಣ್ಣಿನ ವಾಸನೆಗೆ ಮೊಮ್ಮಕ್ಕಳು ಹತ್ತಿರ ಬಾರದಂತಾಗಿದ್ದರೆ ಸಲೈನಿನಲ್ಲಿ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸಿ, ಅಂಟದ ಪಟ್ಟಿ ಕಟ್ಟಿ. ದಿನಕ್ಕೆ ಒಂದೆರಡು ಸಲ ಹೀಗೆ ಮಾಡಿದರೆ ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ.